ಅಣಬೆ ಜಾಗ ಬಯಲು ಮಾಡಿದ ಬರ್ಚ್ ಮರದ ಕ್ಯಾಮೆರಾದವರಿಗೆ

ಲಾಂಗ್‌ಶೋ ಗ್ರಾಮ, ಉತ್ತರ ಸ್ವೀಡನ್

ನಮ್ಮೂರ ಬೇಟೆ ತಂಡದ ಪರವಾಗಿ ಬರ್ಚ್ ಮರಕ್ಕೆ ಪಟ್ಟಿ ಬಿಗಿದುಕೊಂಡು ಹಗಲಿರುಳು ಸೇವೆಯಲ್ಲಿರುವ ಮಾನ್ಯ ಕ್ಯಾಮೆರಾ ಮಹಾಶಯರೇ,

ತಮ್ಮ ಕಣ್ಣಿಗೆ ಜೇಡ ಬಲೆ ಕಟ್ಟದಿರಲಿ, ತಮ್ಮ ಬ್ಯಾಟರಿ ಮೊದಲ ಹಿಮದವರೆಗೂ ಬಾಳಲಿ ಎಂದು ಹಾರೈಸುತ್ತಾ, ತಂಡದ ಹಿರಿಯ ಸದಸ್ಯನೂ ವಿಧುರನೂ ಆದ ನಾನು ಟೋಪಿ ಕೈಯಲ್ಲಿ ಹಿಡಿದು ಅರಿಕೆ ಮಾಡಿಕೊಳ್ಳುತ್ತೇನೆ. ಕಾಲೇಜಿನಲ್ಲಿ ಇದನ್ನೇ ‘ಐ ಬೆಗ್ ಟು ಸ್ಟೇಟ್’ ಎಂದು ಕಲಿಸಿದ್ದರು; ಒಂದು ಮಾತು ಹೇಳಲು ಬೇಡಬೇಕು ಯಾಕೆ ಎಂದು ಆಗ ಅರ್ಥವಾಗಿರಲಿಲ್ಲ, ಈಗ ಆಗಿದೆ. ತಮ್ಮ ಕೈಪಿಡಿಯೂ ಇಂಗ್ಲಿಷಿನಲ್ಲೇ ಇದೆ. ಅದರಲ್ಲಿ ‘ಪ್ರೈವೆಸಿ’ ಎಂಬ ಅಧ್ಯಾಯವೂ ಇದೆ, ಆದರೆ ನಮ್ಮ ಮೇಷ್ಟರು ಆ ಪದಕ್ಕೆ ಬರುವಷ್ಟರಲ್ಲಿ ಬೇಸಿಗೆ ರಜೆ ಬಂದುಬಿಟ್ಟಿತ್ತು. ತಮಗೂ ಹಾಗೇ ಆಗಿರಬೇಕು.

ತಾವು ಬರುವ ಮುಂಚೆ ನಮ್ಮ ಬೇಟೆ ಎಷ್ಟು ಹಿಂದುಳಿದಿತ್ತೆಂದರೆ, ನಮ್ಮ ಕಾಡಿನ ದೈತ್ಯ ಜಿಂಕೆಯಾದ ಮೂಸ್ ಎಲ್ಲಿದೆ ಎಂಬುದು ಮೂಸಿಗೆ ಮಾತ್ರ ಗೊತ್ತಿರುತ್ತಿತ್ತು. ನಾವು ಹೆಜ್ಜೆ, ಲದ್ದಿ, ತೊಗಟೆ ಸುಲಿದ ಮರ ನೋಡಿ ಊಹಿಸಿ, ಊಹೆ ತಪ್ಪಿ, ಬೆಂಕಿ ಹಾಕಿ ಸಾಸೇಜ್ ಸುಟ್ಟು ತಿಂದು, ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿ ಮನೆಗೆ ಬರುತ್ತಿದ್ದೆವು. ತಮ್ಮ ಕೃಪೆಯಿಂದ ಈಗ ದೊಡ್ಡ ಗಂಡು ಮೂಸ್ ಯಾವಾಗ ನಾವು ಆಸೆ ತೋರಿಸಲು ಇಟ್ಟ ಉಪ್ಪಿನ ಕಲ್ಲು ನೆಕ್ಕಿತು, ಯಾವ ಕಡೆ ತಿರುಗಿ ಉಚ್ಚೆ ಹೊಯ್ಯಿತು ಎಂಬುದೆಲ್ಲ ಪ್ರತಿಯೊಬ್ಬನ ಫೋನಿಗೆ ಬಂದು ಬೀಳುತ್ತದೆ. ಅವಿತುಕೊಳ್ಳಲು ಆ ಬಡಪಾಯಿಗೆ ಕಾಡೊಂದಿತ್ತು, ಅದನ್ನೂ ತಾವು ಗಾಜಿನ ಮನೆ ಮಾಡಿಕೊಟ್ಟಿರಿ. ಬೇಟೆಯ ಮೊದಲ ದಿನ ನಮ್ಮ ರಾಗ್ನ್ವಾಲ್ಡ್ ಕಾವಲು ಜಾಗದಲ್ಲಿ ಕೂತು, ತಾವು ಕಳಿಸಿದ ಆ ಗಂಡಿನ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಕೊಂಬಿನ ಕವಲು ಎಣಿಸುತ್ತಿರುವಾಗ, ಆ ಗಂಡೇ ಅವನ ಬೆನ್ನ ಹಿಂದೆ ಹಾದುಹೋಯಿತು. ಕೇಳಿದರೆ, “ಫೋಟೋದಲ್ಲೇ ಚೆನ್ನಾಗಿತ್ತು ಬಿಡ್ರೋ” ಅಂದ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ತಮಗೊಂದು ಪದಕಕ್ಕೆ ಶಿಫಾರಸು ಮಾಡುತ್ತಿದ್ದೆ. ಆದರೆ ಆಗಸ್ಟ್ ಕೊನೆಯ ಆ ಮಧ್ಯಾಹ್ನ, ಸೇತುವೆ ಪಕ್ಕದ ಮನೆಯ ಗುನ್ವೋರ್ ನನ್ನನ್ನು ತಮ್ಮ ಮನೆತನದ ಹಳದಿ ಅಣಬೆಯ ಜಾಗಕ್ಕೆ ಕರೆದೊಯ್ದರು. ಅವರೂ ನನ್ನಂತೆಯೇ ಒಂಟಿ. ಅಣಬೆ ಬಿಡುವ ಜಾಗವನ್ನು ನಮ್ಮ ಕಡೆ ಯಾರೂ ಯಾರಿಗೂ ತೋರಿಸುವುದಿಲ್ಲ. ಅವರ ತಾಯಿ ಆಸ್ಪತ್ರೆಯ ಹಾಸಿಗೆಯಲ್ಲಿ ಕಿವಿಗೆ ಉಸುರಿದ ಜಾಗ ಅದು. ಅವರ ಯಜಮಾನರು ಜೀವಮಾನವಿಡೀ ಆ ಅಣಬೆಯನ್ನು ಬೆಣ್ಣೆಯಲ್ಲಿ ಹುರಿಸಿಕೊಂಡು ತಿಂದು, ಜಾಗ ತಿಳಿಯದೆಯೇ ತೀರಿಕೊಂಡರು. ನನ್ನ ಹೆಂಡತಿ ಮೈ-ಬ್ರಿಟ್ ಕೂಡ ತನ್ನ ಜಾಗವನ್ನು ಜೊತೆಗೇ ಒಯ್ದಳು. ಹೀಗಿರುವಾಗ ಒಬ್ಬ ಹೆಂಗಸು ಒಬ್ಬ ಗಂಡಸಿಗೆ ಆ ಜಾಗ ತೋರಿಸಿದರೆ ಅದು ಪಾದ್ರಿಗಳ ಮುಂದೆ ಉಂಗುರ ತೊಡಿಸುವುದಕ್ಕಿಂತ ಒಂದು ತೂಕ ಹೆಚ್ಚೇ. ತುಂಬಿದ ಬುಟ್ಟಿ ಕೆಳಗಿಟ್ಟು ಅವರ ಕೆನ್ನೆಗೆ ಮುತ್ತಿಟ್ಟೆ. ತಂಡದ ನಾಯಕ ಹಿಲ್ಡಿಂಗ್ ಉಪ್ಪಿನ ಕಲ್ಲನ್ನೂ ತಮ್ಮನ್ನೂ ಆ ವಾರವೇ ಅಲ್ಲಿಗೆ ವರ್ಗಾಯಿಸಿದ್ದು ನಮಗೆ ಹೇಗೆ ಗೊತ್ತಾಗಬೇಕು?

ಮೂಸ್ ಹೋಗಿ ಅರ್ಧ ದಿನವಾದ ಮೇಲೆ ಸುದ್ದಿ ಮುಟ್ಟಿಸುವ ತಾವು, ನಮ್ಮ ಚಿತ್ರವನ್ನು ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ತಂಡಕ್ಕೆ ಹಂಚಿದಿರಿ. ಕೆಳಗೆ ತಮ್ಮದೇ ಬುದ್ಧಿಯಿಂದ ‘ಕರಡಿ, ಜೋಡಿ’ ಎಂದು ಬರೆದಿರಿ. ಹಿಲ್ಡಿಂಗ್ ಫೋನು ಮಾಡಿ, “ಏನಯ್ಯಾ ಮುದುಕ, ಈ ವರ್ಷ ಹೊಡೆಯಬಹುದಾದ ಕರಡಿಗಳ ಕೋಟಾ ಮುಗಿದಿದ್ದಕ್ಕೆ ಬಚಾವಾದೆ ನೋಡು!” ಎಂದು ನಕ್ಕ. ಚಿತ್ರದಲ್ಲಿ ತುಂಬಿದ ಬುಟ್ಟಿ ಕಂಡವರೆಲ್ಲ ನುಗ್ಗಿದ್ದರಿಂದ ಆ ಶನಿವಾರದೊಳಗೆ ಅಲ್ಲಿ ಒಂದು ಅಣಬೆಯೂ ಉಳಿದಿರಲಿಲ್ಲ, ಪಾಚಿಯನ್ನೂ ಕೆರೆದಿದ್ದರು. ಗುನ್ವೋರ್ ಬಾಗಿಲ ಸಂದಿಯಿಂದ ಹೇಳಿದ್ದು ಇಷ್ಟೇ: “ಮುತ್ತಿನ ವಿಷಯ ಬಿಡಿ ಸಿಕ್ಸ್ಟನ್, ಬೇಕಾದ್ರೆ ಅದನ್ನ ಚರ್ಚಿನ ಬಾಗಿಲಿಗೆ ಅಂಟಿಸ್ಲಿ. ನಮ್ಮಮ್ಮನ ಜಾಗ ಹೋಯ್ತಲ್ರೀ! ನಿಮ್ಮ ತಂಡದ ಕ್ಯಾಮೆರಾ ಎಲ್ಲಿರುತ್ತೆ ಅಂತ ನಿಮಗೇ ಗೊತ್ತಿಲ್ಲ ಅಂದ್ರೆ ನಾನು ನಂಬಬೇಕಾ?” ಬಾಗಿಲು ಮುಚ್ಚಿತು. ಅಂದಿನಿಂದ ನನ್ನ ಕಾಫಿ ಮತ್ತೆ ಒಂದೇ ಲೋಟಕ್ಕೆ ಇಳಿದಿದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ದಯವಿಟ್ಟು ಆ ಚಿತ್ರವನ್ನು ತಂಡದವರ ಫೋನಿನಿಂದಲ್ಲ, ತಲೆಯಿಂದ ಅಳಿಸಿಕೊಡಿ. ಅದು ಆಗದಿದ್ದರೆ ಮರದಿಂದ ಇಳಿದು ಬಂದು ನಾನು ನಿರಪರಾಧಿ ಎಂದು ಗುನ್ವೋರ್ ಮುಂದೆ ಸಾಕ್ಷಿ ಹೇಳಿ. ಅದೂ ಆಗದಿದ್ದರೆ, ಎಲ್ಲವನ್ನೂ ಕಾಣುವ ತಾವು ನನ್ನ ಮೈ-ಬ್ರಿಟ್‌ಳ ಜಾಗವನ್ನು ಹುಡುಕಿಕೊಡಿ. ಗುನ್ವೋರ್ ಕಳೆದುಕೊಂಡದ್ದಕ್ಕೆ ಅದನ್ನು ಕೊಡುತ್ತೇನೆ. ಮೈ-ಬ್ರಿಟ್ ಬೈಯಬಹುದು. ಆ ಬೈಗುಳ ಕೇಳಿಸಿದರೆ ನನಗೇನೂ ಬೇಸರವಿಲ್ಲ.

ತಮ್ಮ ನೋಟಕ್ಕೆ ಸದಾ ಸಿಕ್ಕಿಬೀಳುವ,
ತಮ್ಮ ವಿಶ್ವಾಸಿ,
ಸಿಕ್ಸ್ಟನ್ ನೂರ್‌ಬೆಕ್

ಮರೆತ ಮಾತು: ಇಷ್ಟು ಬರೆದು ಲಕೋಟೆ ಅಂಟಿಸುವ ಮೊದಲು ಇನ್ನೊಂದು ನಡೆಯಿತು. ಬೇಟೆಯ ಊಟದಲ್ಲಿ ನಾನು ಬಾಯಿ ಜಾರಿದವನಂತೆ, ಕರಿ ಜೌಗಿನಾಚೆ ಗುನ್ವೋರ್‌ಗೆ ಇನ್ನೊಂದು ಅಣಬೆ ಜಾಗ ಇದೆಯಂತೆ ಎಂದು ಸುಳ್ಳು ಬಿಟ್ಟೆ. ಮಾರನೆಯ ದಿನ ನಮ್ಮ ವೀರರೆಲ್ಲ ಒಬ್ಬರಿಗೊಬ್ಬರು ತಿಳಿಯದಂತೆ ಬೇರೆ ಬೇರೆ ದಾರಿ ಹಿಡಿದು ಜೌಗಿನ ನಡುವೆ ಭೇಟಿಯಾದರು, ತೊಡೆಯವರೆಗೆ ಹೂತು. ಹಿಲ್ಡಿಂಗನ ಒಂದು ಬೂಟು ಇನ್ನೂ ಅಲ್ಲೇ ಇದೆ. ಕೆಸರು ಸುರಿಸುತ್ತಾ ಅವರು ಸೇತುವೆ ದಾಟಿದ್ದನ್ನು ಕಿಟಕಿಯಿಂದ ಕಂಡ ಗುನ್ವೋರ್, ನಗು ತಡೆಯಲಾರದೆ ನನ್ನ ಮನೆಗೇ ಬಂದು, ಕೂತು, ಕಣ್ಣೊರೆಸಿಕೊಂಡು ಕೇಳಿದರು: “ಅಲ್ರೀ ಸಿಕ್ಸ್ಟನ್, ಜೌಗಿನಾಚೆ ನಿಜವಾಗ್ಲೂ ಒಂದು ಜಾಗ ಇದೆ. ನಿಮಗೆ ಯಾರು ಹೇಳಿದ್ರು?”

ಹೂತುಹೋಗದ ದಾರಿ ಅವರಿಗೆ ಗೊತ್ತಂತೆ. ನಾಳೆ ಇಬ್ಬರೂ ಹೋಗುತ್ತಿದ್ದೇವೆ. ಇದನ್ನು ಧೈರ್ಯವಾಗಿ ಊರ ಪತ್ರಿಕೆಯಲ್ಲೇ ಅಚ್ಚು ಹಾಕಿಸುತ್ತಿದ್ದೇನೆ. ತಂಡದಲ್ಲಿ ಇನ್ನು ಯಾರೂ ನನ್ನ ಮಾತು ನಂಬುವುದಿಲ್ಲ.