ಒಂದೇ ನಿಮಿಷಕ್ಕೆ ಎದ್ದು ಕೂತ ಕಂಪ್ಯೂಟರು

ಹಿರಿಯೂರಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಲಗ್ನಪತ್ರಿಕೆ ಟೈಪ್ ಮಾಡಿಕೊಡುವ ಅಂಗಡಿ ಇಟ್ಟಿದ್ದೇನೆ. ನಗು ಬೇಕೆಂದರೆ ಬೇರೆಯವರು ಟಿ.ವಿ. ಹಾಕುತ್ತಾರೆ, ನಾನು ಅಂಗಡಿ ಬಾಗಿಲು ತೆಗೆದರೆ ಸಾಕು.

ಆರತಿ ಹೊತ್ತು

ಅಂಗಡಿಗೆ ಅಂಟಿಕೊಂಡೇ ದೇವರ ಮನೆ. ಮಂಗಳಾರತಿಗೆ ಫ್ಯಾನ್ ಗಾಳಿ ತಾಗಬಾರದು. ಫ್ಯಾನಿನ ಸ್ವಿಚ್ ಯಾವುದೆಂದು ಹುಡುಕುವ ತಾಳ್ಮೆ ಅತ್ತೆಗಿಲ್ಲ, ನೇರ ಮೇನ್ ಸ್ವಿಚ್ಚೇ ಇಳಿಸುತ್ತಾರೆ. ಯುಪಿಎಸ್ ಬ್ಯಾಟರಿ ಎಂದೋ ಕೈಕೊಟ್ಟಿದೆ. ನನ್ನ ಹಳೇ ಲಿನಕ್ಸ್ ಕಂಪ್ಯೂಟರು ಹಾಗೆ ಸತ್ತು ಎದ್ದರೆ, ಅರ್ಧ ಗಂಟೆ ಇಡೀ ಡಿಸ್ಕನ್ನು ತಡಕುತ್ತಾ ಕೂರುತ್ತಿತ್ತು. ಅಷ್ಟರಲ್ಲಿ ಗಿರಾಕಿಗಳು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿ ಸೇರಿರುತ್ತಿದ್ದರು. ಹೀಗೇ ಆದರೆ ಅಂಗಡಿ ಮುಚ್ಚಬೇಕಾಗುತ್ತೆ ಎಂದು ಅತ್ತೆಗೆ ಹೇಳಿದೆ. ಹಾಗಾದರೆ ನಾಳೆಯಿಂದ ಪೂಜೆ ಇನ್ನೂ ಜೋರಾಗಿ ಮಾಡ್ತೀನಿ ಬಿಡು ಅಂದರು.

ಒಂದು ತುತ್ತಿನ ಕೆಲಸ

ಚಿತ್ರದುರ್ಗದ ರಿಪೇರಿಯವರಿಗೆ ಫೋನ್ ಮಾಡಿದೆ. ಕರೆಂಟ್ ಹೋದಾಗ ತಾನೇನು ಮಾಡುತ್ತಿದ್ದೆ ಎಂಬುದು ಕಂಪ್ಯೂಟರಿಗೆ ನೆನಪಿರುವುದಿಲ್ಲ, ಅದಕ್ಕೇ ಎಲ್ಲ ಹುಡುಕುತ್ತದೆ ಎಂದರು. ಮಾಡುವ ಕೆಲಸವನ್ನು ಮೊದಲೇ ಜರ್ನಲ್ ಎಂಬ ದಿನಚರಿ ಫೈಲಿನಲ್ಲಿ ಬರೆದುಕೊಳ್ಳುವಂತೆ ಮಾಡಿದರೆ, ಎದ್ದ ಮೇಲೆ ಅದಷ್ಟನ್ನೇ ನೋಡಿಕೊಂಡು ಕೆಲಸಕ್ಕೆ ಬರುತ್ತದಂತೆ. ಡಿಸ್ಕ್ ಅಳಿಸಬೇಕಿಲ್ಲ, ಒಂದೇ ಕಮಾಂಡ್.

"ಆದ್ರೆ ರೂಟ್ ಪಾರ್ಟಿಷನ್ ಅಕ್ಕಾ, ಇಡೀ ಸಿಸ್ಟಮ್ಮೇ ಅದರ ಮೇಲೆ ನಿಂತೈತೆ. ಹತ್ತನೇ ಕ್ಲಾಸ್ ಓದಿದೋರಿಗೆ ಆಗಲ್ಲ. ಮುಂದಿನ ವಾರ ನಾನೇ ಬರ್ತೀನಿ."

ಅವರ ಮುಂದಿನ ವಾರ ಹೋದ ವರ್ಷದಿಂದ ಬರುತ್ತಲೇ ಇದೆ. ಕಮಾಂಡ್ ಏನೆಂದು ಮಾತ್ರ ಕೇಳಿ ಬರೆದುಕೊಂಡೆ. ಫೈಲುಗಳನ್ನೆಲ್ಲ ಪೆನ್ ಡ್ರೈವಿಗೆ ಹಾಕಿ, ಕಮಾಂಡ್ ಹೊಡೆದೆ. ಡಿಸ್ಕ್ ಯಾವ ಬಗೆಯದೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ, ಜರ್ನಲ್ ಇಲ್ಲದ ಇಎಕ್ಸ್‌ಟಿ 2 ಇದ್ದದ್ದನ್ನು ಜರ್ನಲ್ ಇರುವ 3 ಮಾಡಿ ರೀಸ್ಟಾರ್ಟ್ ಕೊಟ್ಟೆ. ಪಕ್ಕದಲ್ಲಿ ಊಟಕ್ಕೆ ಕೂರಿಸಿದ್ದ ಮಗಳು ಒಂದು ತುತ್ತು ನುಂಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳಿಗೆ ಎರಡನೇ ತುತ್ತು ನುಂಗಿಸುವ ಕಮಾಂಡ್ ಮಾತ್ರ ಇನ್ನೂ ಸಿಕ್ಕಿಲ್ಲ.

ಯಜಮಾನರ ಡಿಲೀಟು

ಸಂಜೆ ನಮ್ಮ ಯಜಮಾನರು ಬಂದು ನೋಡಿದರೆ, ಜರ್ನಲ್ ಎಂಬ ದೊಡ್ಡ ಫೈಲು ಹೊಸದಾಗಿ ಕೂತಿದೆ. ಕಸವೆಂದುಕೊಂಡು ಡಿಲೀಟ್ ಕೊಟ್ಟರು, ಆಗಲಿಲ್ಲ. ಪಾಸ್‌ವರ್ಡ್ ಹಾಕಿ ಕೊಟ್ಟರು, ಆಗಲೂ ಇಲ್ಲ. ಇದೇನು ನನ್ನ ಮಾತೇ ಕೇಳ್ತಿಲ್ವಲ್ಲ ಎಂದು ಗೊಣಗಿದರು.

"ಈ ಮನೇಲಿದ್ದು ಕಲಿತೈತೆ ಕಣ್ರಿ" ಅಂದೆ.

ಮತ್ತೋಡಿನ ಅಣ್ಣತಮ್ಮಂದಿರು

ಮತ್ತೋಡಿನಿಂದ ಮದುಮಗಳ ಅಪ್ಪ, ದೊಡ್ಡಪ್ಪ ಬಂದರು. ಹಿಂದಿನ ಎರಡು ಮದುವೆಗೂ ಕಾದು ಕಾದು ಎದ್ದು ಹೋದವರು. ಈ ಸಲವೂ ಕಾಯಿಸಿದರೆ ತಮ್ಮೂರಿನ ಪತ್ರಿಕೆಗಳೆಲ್ಲ ಬಸ್ ಸ್ಟ್ಯಾಂಡ್ ಅಂಗಡಿಗೇ ಎಂದು ಕೂರುವ ಮೊದಲೇ ಹೇಳಿದರು.

'ಸುಖಾಗಮನ ಬಯಸುವವರು' ತನಕ ಟೈಪ್ ಮಾಡಿ ಸೇವ್ ಕೊಟ್ಟಿದ್ದೆ, ಒಳಗೆ ಗಂಟೆ ಅಲ್ಲಾಡಿತು, ಕರೆಂಟ್ ಹೋಯಿತು. ಇನ್ನರ್ಧ ಗಂಟೆ ಬಿಡು ಎಂದ ದೊಡ್ಡಪ್ಪ, ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ ಬರಬೇಕೆಂದು ತಮ್ಮನ ಜೊತೆ ಶುರುಮಾಡಿದರು. ಮನೆಗೆ ಹಿರಿಯ ನಾನು ಅಂತ ಅವರು, ಹೆತ್ತವನು ನಾನು ಅಂತ ಇವರು.

ಆರತಿ ಮುಗಿದು ಕರೆಂಟ್ ಬಂತು. ಬಟನ್ ಒತ್ತಿದೆ. ಒಂದೇ ನಿಮಿಷ. ಪತ್ರಿಕೆ ಒಂದಕ್ಷರವೂ ಅಳಿಯದೆ ಮುಂದೆ ಬಂತು. ಹೇಳ್ರಿ, ಮೊದಲು ಯಾರ ಹೆಸರು ಎಂದೆ, ಗತ್ತಿನಿಂದಲೇ.

ಇನ್ಮೇಲೆ ನಮ್ಮೂರ ಪತ್ರಿಕೆಯೆಲ್ಲ ನಿನಗೇ ಎಂದು ದೊಡ್ಡಪ್ಪ ಒಪ್ಪಿದರು. ಆಮೇಲೆ ದನಿ ತಗ್ಗಿಸಿದರು:

"ಇಷ್ಟು ಬೇಗ ಬರುತ್ತೆ ಅಂದ್ಕೊಂಡಿರಲಿಲ್ಲ ತಾಯಿ. ಜಗಳ ಇನ್ನೂ ಅರ್ಧ ಉಳಿದೈತೆ. ನಿಮ್ಮತ್ತೇರಿಗೆ ಹೇಳಿ ಇನ್ನೊಂದ್ಸಲ ಕರೆಂಟ್ ತೆಗೆಸು."