ಅಂಗಡಿಗೆ ಸೇರಿದ ಹಲ್ಲು

ನನಗೆ ಒಂದು ಕಡೆ ಸುಮ್ಮನೆ ಕುಳಿತುಕೊಳ್ಳುವುದು ಬರುವುದಿಲ್ಲ. ಅದರಲ್ಲೂ ಸರ್ಕಾರದ ಕಾಗದ ಬಂದರೆ ಮುಗಿಯಿತು; ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ ತಿರುಗುತ್ತಲೇ ಇರುತ್ತೇನೆ. ನಿಜಾಮರ ಆಳ್ವಿಕೆ ಮುಗಿದು ನಮ್ಮ ಸುರಪುರ ಹಿಂದೂಸ್ತಾನದೊಳಗೆ ಸೇರಿದ ಹೊಸತರಲ್ಲಿ ಹೀಗೆ ತಿರುಗಿ ಒಂದು ಜೊತೆ ಚಪ್ಪಲಿ ಸವೆಸಿದ್ದೇನೆ. ಕಾರಣ ಆದಾಯ ತೆರಿಗೆ. ಉರ್ದು ಕಾಗದ ನೋಡಿ ಬೆಳೆದ ನನ್ನಂಥ ಬಟ್ಟೆ ವ್ಯಾಪಾರಿಗೆ ಇಂಗ್ಲಿಷ್ ಫಾರಂ ಬಂತು. ಅದನ್ನು ಓದಿ ಹೇಳಿದ ವಕೀಲರು, ವ್ಯಾಪಾರಕ್ಕೆಂದೇ ಮಾಡಿದ ಖರ್ಚನ್ನು ಆದಾಯದಲ್ಲಿ ಕಳೆಯಬಹುದು ಎಂದರು. ಆ ವರ್ಷ ನನ್ನ ದೊಡ್ಡ ಖರ್ಚೆಂದರೆ ಹೈದರಾಬಾದಿನಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟು.

ಬಾಯಿದ್ದವನೇ ವ್ಯಾಪಾರಿ. ಬೊಚ್ಚು ಬಾಯಲ್ಲಿ ಧೋತರದ ಗುಣ ಹೇಳಿದರೆ ಯಾರು ಕೊಳ್ಳುತ್ತಾರೆ? ಕಿರಾಣಿಯವನಿಗೆ ತಕ್ಕಡಿ ಹೇಗೋ ನನಗೆ ಹಲ್ಲು ಹಾಗೆ ಎಂದು ಬರೆಸಿ ಕಳಿಸಿದೆ. ಮರಳಿ ಕಾಗದ ಬಂತು: ಆ ಹಲ್ಲನ್ನು ಮನೆಯಲ್ಲಿ ಊಟಕ್ಕೂ ಬಳಸುತ್ತೀರಾ, ಯಾದಗಿರಿಯಲ್ಲಿ ನಡೆಯುವ ತೆರಿಗೆ ಅಧಿಕಾರಿಗಳ ಕ್ಯಾಂಪಿಗೆ ಖುದ್ದಾಗಿ ಬಂದು ತಿಳಿಸಿ.

ಅಂದಿನಿಂದ ಅಂಗಡಿ ಮುಚ್ಚುವಾಗ ಹಲ್ಲು ತೆಗೆದು ರೊಕ್ಕದ ಗಲ್ಲೆಯಲ್ಲಿಟ್ಟು ಬೀಗ ಹಾಕತೊಡಗಿದೆ. ನಾನು ಸುಳ್ಳು ಹೇಳುವವನಲ್ಲ. ಮೊದಲು ಬರೆದುಕೊಟ್ಟು ಆಮೇಲೆ ಅದನ್ನು ನಿಜ ಮಾಡುವವನು. ಮನೆಯಲ್ಲಿ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗಿದೆ. ಕಣ್ಣೆದುರಿಗೇ ಹುರಿದ ಶೇಂಗಾ ಇದ್ದರೂ ಮುಟ್ಟಲಿಲ್ಲ.

“ಹಲ್ಲ ಯಾರಿಗಿ ಕಟ್ಟಿಸೀರಿ, ಸರ್ಕಾರಕ್ಕೇನ್ರಿ?” ಎಂದಳು ನನ್ನ ಹೆಂಡತಿ ಶರಣಮ್ಮ. “ಬಿಸಿ ರೊಟ್ಟಿ ಬಡದು ಕೊಟ್ರ ದನಕ್ಕ ಹಿಂಡಿ ನೆನಿ ಇಟ್ಟಂಗ ಇಡ್ತೀರಿ.”

ಒಂದು ತಿಂಗಳು ಹೀಗೇ ಕಳೆಯಿತು. ಕ್ಯಾಂಪಿನ ದಿನ ಇಬ್ಬರೂ ಯಾದಗಿರಿಗೆ ಹೋದೆವು. ಕೆಲಸ ಮುಗಿದ ಮೇಲೆ ಅಲ್ಲೇ ಅವಳ ಅಕ್ಕನ ಮನೆಯಲ್ಲಿ ಊಟವಿತ್ತು. ನಾನು ಬೊಚ್ಚು ಬಾಯಲ್ಲೇ ತೆರಿಗೆ ಸಾಹೇಬರ ಮುಂದೆ ನಿಂತೆ. ಮೈಸೂರು ಕಡೆಯ ಮೃದು ಮನುಷ್ಯ. ನಾನು ಬಾಯಿ ತೆರೆದೆ. ಬರೀ ಗಾಳಿ ಬಂತು. ಮತ್ತೆ ಹೇಳಿದೆ. ಮತ್ತೂ ಗಾಳಿ.

“ಯಜಮಾನರೇ, ನೀವು ಹೇಳುವುದು ಒಂದೂ ತಿಳಿಯುತ್ತಿಲ್ಲ. ಆ ಹಲ್ಲು ಎಲ್ಲಿದೆ?” ಎಂದರು.

ನಾನು ಸುರಪುರದ ದಿಕ್ಕಿಗೆ ಕೈ ತೋರಿಸಿದೆ. ಅಷ್ಟರಲ್ಲಿ ಪಡಸಾಲೆಯಲ್ಲಿ ಕುಳಿತಿದ್ದ ಶರಣಮ್ಮ ಒಳಗೆ ಬಂದು ಸೆರಗಿನ ಗಂಟು ಬಿಚ್ಚಿದಳು. “ಇಲ್ಲೇ ಅದಾವ್ರಿ ಸಾಹೇಬ್ರ. ಅಕ್ಕನ ಮನ್ಯಾಗ ಊಟಕ್ಕ ಕುಂತಾಗ ಮಾನ ಹೋಗಬಾರದಂತ ಕೀಲಿ ತಗದು ಗಲ್ಲೆದಾಗಿಂದ ತಂದೀನಿ.”

ನನ್ನ ಜೀವ ಬಾಯಿಗೆ ಬಂತು. ಆದರೂ ಸಾಹೇಬರು ಹೇಳಿದರೆಂದು ಹಲ್ಲು ಹಾಕಿಕೊಂಡು, ಈ ಹಲ್ಲು ಅಂಗಡಿಯ ಹೊಸ್ತಿಲು ದಾಟುವುದೇ ಇಲ್ಲವೆಂದು ಸ್ಪಷ್ಟವಾಗಿ, ನಿರರ್ಗಳವಾಗಿ ವಾದಿಸಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, ಆ ಖರ್ಚಿನ ಮೇಲೆ ಗೀಟು ಎಳೆದರು. ಅಕ್ಕನ ಮನೆಯಲ್ಲಿ ದುಃಖದಿಂದಲೇ ನಾಲ್ಕು ಕಟಿಕಟಿ ರೊಟ್ಟಿ ಕಡಿದೆ.

ಸರ್ಕಾರ ಅದು ಮನೆಯ ಹಲ್ಲು ಎಂದ ಮೇಲೆ ಮನೆಯಲ್ಲೇ ಇರಲಿ ಎಂದು, ಮರುದಿನ ಹಠದಿಂದ ಬೊಚ್ಚು ಬಾಯಲ್ಲೇ ಅಂಗಡಿಗೆ ಹೋದೆ. ಕೊಂಕಲ್ ಹಳ್ಳಿಯ ಕುರಿಗಾರ ಮಾಳಪ್ಪ ಬಂದ. ಸದಾ ಗಂಟೆಗಟ್ಟಲೆ ಕೂತು ಬರಿಗೈಲಿ ಎದ್ದು ಹೋಗುವ ಗಿರಾಕಿ. ಅಂದು ಎರಡು ಧೋತರ ಮುಟ್ಟಿ ನೋಡಿ, ರೊಕ್ಕ ಎಣಿಸಿಯೇ ಬಿಟ್ಟ. ಏನಿದು ಎಂದು ನಾನು ಕೈ ಆಡಿಸಿ ಕೇಳಿದೆ.

“ಮೊದಲ ನೀವು ಭಾಳ ಮಾತಾಡ್ತಿದ್ರಿ, ಸಾವಕಾರ್ರ,” ಎಂದ ಮಾಳಪ್ಪ. “ಅರಿವಿ-ಬಟ್ಟ್ಯಾಗ ಏನರ ಖೋಟಾ ಅದ ಅಂತ ತಿಳದು ಎದ್ದು ಹೋಗ್ತಿದ್ದೆ.”

ಇದಕ್ಕೆ ನನ್ನ ಹತ್ತಿರ ಬಹಳ ಒಳ್ಳೆಯ ಉತ್ತರವಿತ್ತು. ಹಲ್ಲು ಮನೆಯಲ್ಲಿತ್ತು.