ಪೂರ್ತಿ ಯಾರೂ ಕೇಳದ ವಾಯ್ಸು

ಹೆದರಿದ್ದನ್ನು ಬಾಯಿ ಬಿಟ್ಟು ಹೇಳಿಕೊಂಡರೆ ಹೆದರಿಕೆ ಅರ್ಧ ಇಳಿಯುತ್ತದೆ ಎಂದು ಉಪದೇಶ ಮಾಡುವವರಿದ್ದಾರೆ. ಅವರಲ್ಲಿ ಒಬ್ಬರೂ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿಕೊಂಡವರಲ್ಲ ಎಂದು ನಾನು ಬರೆದು ಕೊಡುತ್ತೇನೆ. ನಾನು ಹೇಳಿಕೊಂಡೆ. ನನ್ನ ಹೆದರಿಕೆ ಅರ್ಧ ಇಳಿಯಲಿಲ್ಲ. ಅರ್ಧಕ್ಕೆ ಕತ್ತರಿಸಿಕೊಂಡು ಶಿರೂರಿನಿಂದ ಬ್ರಹ್ಮಾವರದವರೆಗೆ ನಗೆಯಾಗಿ ಹಂಚಿಹೋಯಿತು. ಈಗ ನನಗೆ ಹೆಸರಿದೆ. ಇಷ್ಟು ವರ್ಷ ಸುಟ್ಟ ಮೋಟಾರುಗಳಿಗೆ ಜೀವ ಕೊಟ್ಟು ಬಾರದ ಹೆಸರು, ಅಂಗಡಿ ಬೆಂಚಿನ ಮೇಲೆ ಕೂತು ಮೊಬೈಲಿಗೆ ಬಾಯಿ ಹಚ್ಚಿ ಮಾತಾಡಿದ್ದಕ್ಕೆ ಬಂತು. ಹೆಸರು ಬರುವುದಿದ್ದರೆ ಹೀಗೂ ಬರುತ್ತದೆ, ಎಮ್ಮೆಗೆ ಉಣ್ಣಿ ಬಂದ ಹಾಗೆ.

ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು. ನಾನು ಶಾಲೆಯನ್ನು ಬಿಟ್ಟೆನೋ, ಶಾಲೆ ನನ್ನನ್ನು ಬಿಟ್ಟಿತೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಎರಡು ಅಭಿಪ್ರಾಯವಿದೆ. ಆಮೇಲೆ ಮುಂಬೈಯಲ್ಲಿ ಊರವರ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದೆ, ತೊಳೆಯುತ್ತ ತೊಳೆಯುತ್ತ ಹಿಂದಿ ಕಲಿತೆ, ಕ್ಯಾಂಟೀನಿನ ಫ್ಯಾನು ಸುಟ್ಟಾಗ ಬಿಚ್ಚಿ ನೋಡಿ ಕಸುಬು ಕಲಿತೆ. ಊರಿಗೆ ಬಂದು ಶಂಕರನಾರಾಯಣದ ಬದಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಹಾಕಿದೆ. ಸುಟ್ಟ ಮೋಟಾರಿನ ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಭಾಸ್ಕರನ ಕೈ ತಾಗಿದ ಮೋಟಾರು ಮತ್ತೊಮ್ಮೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂಬುದು ನನ್ನ ಅಹಂಕಾರ. ಓದಿದವರಿಗೆ ಡಿಗ್ರಿ ಇರುತ್ತದೆ, ನನಗೆ ಇಷ್ಟಾದರೂ ಬೇಡವೇ? ತಂತಿ ಸುತ್ತಿದ ಮೇಲೆ ಅದಕ್ಕೆ ವಾರ್ನಿಷ್ ಹೊಯ್ದು ಒಣಗಲು ಬಿಡಬೇಕು. ಆ ಹೊತ್ತಿನಲ್ಲಿ ಮಾಡಲು ಬೇರೆ ಕೆಲಸವಿಲ್ಲ. ಮಧ್ಯಾಹ್ನ ಉಂಡು, ಮೊಬೈಲನ್ನು ಇಕ್ಕಳಕ್ಕೆ ಆನಿಸಿಟ್ಟು ಸಿನಿಮಾ ನೋಡುತ್ತೇನೆ. ಪ್ರೀತಿ ಪ್ರೇಮದ್ದು ನೋಡುವುದಿಲ್ಲ. ವಾರ್ನಿಷ್ ಒಣಗಿ ಗಟ್ಟಿಯಾದರೂ ಅವರ ಮದುವೆ ಆಗಿರುವುದಿಲ್ಲ. ನನಗೆ ದೆವ್ವದ್ದು ಆಗಬೇಕು, ಇಲ್ಲವೇ ಬಾಹ್ಯಾಕಾಶದ್ದು. ಒಂದರಲ್ಲಿ ಸತ್ತವರು ಮನೆ ಬಿಟ್ಟು ಹೋಗುವುದಿಲ್ಲ, ಇನ್ನೊಂದರಲ್ಲಿ ಬದುಕಿದವರು ಮನೆಗೆ ಬರುವುದಿಲ್ಲ. ಎರಡೂ ನಮ್ಮ ಕಡೆಯ ಸಂಸಾರಗಳ ಹಾಗೇ ಇರುತ್ತವೆ.

ಕುಂದಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಸಂತೋಷ ಎಂಬವ ಒಂದು ದಿನ ಮನೆಯ ಪಂಪು ತಂದವನು ನನ್ನ ಮೊಬೈಲಿನಲ್ಲಿ ಓಡುತ್ತಿದ್ದ ದೆವ್ವವನ್ನು ಕಂಡ. "ಅಣ್ಣಾ, ನೀವೂ ನಮ್ಮ್ ಪಾರ್ಟಿಯಾ?" ಎಂದು ಅಲ್ಲೇ ನನ್ನನ್ನು ತನ್ನ ಗ್ರೂಪಿಗೆ ಸೇರಿಸಿದ. ಅದರ ಹೆಸರು 'ಭೂತ-ಗಗನ ಬಳಗ'. ಬ್ಯಾಂಕಿನವರು, ಕಾಲೇಜಿನಲ್ಲಿ ಪಾಠ ಹೇಳುವವರು, ಬೈಂದೂರಿನ ಹೋಟೆಲಿನವರು, ಎಲ್ಲರೂ ಅದರಲ್ಲಿದ್ದರು. ಎಲ್ಲರೂ ಟೈಪ್ ಮಾಡುವವರು. 'ಈ ಚಿತ್ರದಲ್ಲಿ ಮೌನವೇ ಒಂದು ಪಾತ್ರ' ಎಂದು ಒಬ್ಬರು ಬರೆದರೆ ಉಳಿದವರು ಹೆಬ್ಬೆರಳು ಎತ್ತುತ್ತಿದ್ದರು. ನನ್ನ ಹೆಬ್ಬೆರಳು ಎತ್ತುವುದಕ್ಕೆ ಸರಿ, ಒತ್ತುವುದಕ್ಕಲ್ಲ. ಒಂದು ಅಕ್ಷರ ಒತ್ತಿದರೆ ನೆರೆಕರೆಯ ಅಕ್ಷರಗಳೂ ಕರೆಯದೆ ಬರುತ್ತವೆ. ಹಾಳೆಯ ಮೇಲೆ ಪೆನ್ನು ಹಿಡಿದು ಬರೆಯುವುದಾದರೆ ನಾನು ಯಾರಿಗೂ ಹೆದರುವವನಲ್ಲ. ಮುಂಬೈಯಲ್ಲಿ ಊರವರ ಸಂಘದ ಲೈಬ್ರರಿ ಪುಸ್ತಕಗಳನ್ನು ಕಪಾಟಿನಲ್ಲಿದ್ದ ಸಾಲಿನಲ್ಲೇ ಓದಿ ಮುಗಿಸಿದವನು ನಾನು. ಆದರೆ ಮೊಬೈಲಿಗೆ ವಾಯ್ಸೇ ಗತಿ, ವಾಯ್ಸಿಗೆ ನಮ್ಮ ಕುಂದಾಪ್ರ ಕನ್ನಡವೇ ಗತಿ. ಹೀಗಾಗಿ ಬಳಗದಲ್ಲಿ ಟೈಪ್ ಮಾಡಿದವರದ್ದು ಅಭಿಪ್ರಾಯ, ವಾಯ್ಸ್ ಹಾಕಿದವನದ್ದು ಕಾಮಿಡಿ ಎಂದಾಯಿತು.

ಉದಾಹರಣೆಗೆ, ಹಳೇ ಬಂಗಲೆಯನ್ನು ಕಡಿಮೆ ಕ್ರಯಕ್ಕೆ ಕೊಂಡ ಸಂಸಾರವೊಂದನ್ನು ದೆವ್ವ ಕಾಡುವ ಸಿನಿಮಾದ ಬಗ್ಗೆ ಚರ್ಚೆ ನಡೆಯಿತು. ಬೆಳಕು-ನೆರಳು, ಮನಸ್ಸಿನ ಆಳ ಎಂದೆಲ್ಲ ಬರೆದರು. ನಾನು ನನಗೆ ತೋರಿದ್ದನ್ನು ಹೇಳಿದೆ: "ಹ್ವಾಯ್, ಮನಿಯಗೆ ಪಾತ್ರಿ ತನ್ನಷ್ಟಕ್ಕೇ ಬೀಳತ್ತ್ ಅಂದ್ರೆ ಬೆಳಿಗ್ಗೆ ಎದ್ದ್ ಜೋಯ್ಸರ ಹತ್ರ ಹೋಯ್ ಪ್ರಶ್ನಿ ಇಡ್ಸುಕೆ ಎಂತ ದಾಡಿ ಇವ್ರಿಗೆ? ಅಜ್ಜನ್ ತಮ್ಮ ಒಬ್ಬ ಹಸ್ಕಂಡ್ ಕೂತಿದ್ದ ಅಂತ್ ಗೊತ್ತಾತ್ತ್. ಒಂದ್ ಕೋಳಿ ಪದಾರ್ಥ ಮಾಡಿ ಬಡ್ಸಿ ಕೈ ಮುಗ್ದ್ರೆ ಆಯ್ತಪ್ಪ. ಇಂಟ್ರವಲ್ಲಿಗ್ ಮೊದ್ಲೇ ಪಿಚ್ಚರ್ ಮುಗೀತಿತ್ತ್." ನಾನು ನಗಿಸಲು ಹೇಳಿದ್ದಲ್ಲ. ನಮ್ಮಲ್ಲಿ ಸತ್ತವರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸುವುದು ಅವರ ಮೇಲಿನ ಹೆದರಿಕೆಯಿಂದಲ್ಲ, ಮರ್ಯಾದೆಯಿಂದ. ಆ ಸಿನಿಮಾದ ಸಂಸಾರಕ್ಕೆ ಮರ್ಯಾದೆ ಗೊತ್ತಿಲ್ಲ ಎನ್ನುವುದು ನನ್ನ ಅಭಿಪ್ರಾಯವಾಗಿತ್ತು. ಬಂದದ್ದೆಲ್ಲ ಕಣ್ಣೀರು ಸುರಿಸಿ ನಗುವ ಹಳದಿ ಮುಖಗಳು. ಇನ್ನೊಮ್ಮೆ ಯಂತ್ರಗಳು ಮನುಷ್ಯರ ಮೇಲೆ ದಂಗೆ ಏಳುವ ಸಿನಿಮಾ ಬಂತು. ನನ್ನ ಇಡೀ ಆಯುಷ್ಯದಲ್ಲಿ ದಂಗೆ ಏಳುವಷ್ಟು ಉತ್ಸಾಹವಿದ್ದ ಒಂದು ಮೋಟಾರನ್ನೂ ನಾನು ಕಂಡಿಲ್ಲ, ಹೇಳಿದ ಕೆಲಸವನ್ನೇ ಅವು ಮಾಡುವುದಿಲ್ಲ ಎಂದೆ. ಮತ್ತೆ ಹಳದಿ ಮುಖಗಳ ಮೆರವಣಿಗೆ. 'ಅಣ್ಣ ಸೂಪರ್' ಎಂದರು. 'ಅಣ್ಣ ಹೇಳಿದ್ದು ಹೌದಲ್ಲ' ಎಂದು ಒಬ್ಬನೂ ಅನ್ನಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಸಂತೋಷ ಬಳಗಕ್ಕೊಂದು ಪ್ರಶ್ನೆ ಹಾಕಿದ: 'ನಿಮ್ಮನ್ನು ನಿಜವಾಗಿ ಹೆದರಿಸಿದ ಸಿನಿಮಾ ಯಾವುದು? ಏಕೆ?' ಈ 'ಏಕೆ' ನನ್ನನ್ನು ಕೆಡಿಸಿತು. ನನ್ನಂಥವನನ್ನು ಜನ ಎಷ್ಟಾಗುತ್ತದೆ ಎಂದು ಕೇಳುತ್ತಾರೆ, ಯಾವಾಗ ಕೊಡುತ್ತೀ ಎಂದು ಕೇಳುತ್ತಾರೆ. ಏಕೆ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ.

ನನ್ನನ್ನು ಹೆದರಿಸಿದ ಸಿನಿಮಾದಲ್ಲಿ ದೆವ್ವವಿಲ್ಲ, ರಾಕ್ಷಸನಿಲ್ಲ. ಆಕಾಶದಲ್ಲಿ ಒಂದು ನೌಕೆ, ಅದರಲ್ಲಿ ಇಬ್ಬರು. ಉಸಿರಾಡುವ ಗಾಳಿಯ ಯಂತ್ರ ನೌಕೆಯ ಹೊರಮೈಯಲ್ಲಿದೆ, ಅದು ಕೆಡುತ್ತದೆ. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊರಗೆ ಹೋಗುತ್ತಾನೆ, ಇನ್ನೊಬ್ಬ ಒಳಗಿನಿಂದ ಹಗ್ಗ ಹಿಡಿದು ನಿಲ್ಲುತ್ತಾನೆ. ಹೋದವನು ಬದುಕಿ ಬರುವುದಿಲ್ಲ. ಇಷ್ಟೇ ಕಥೆ. ಆಕಾಶದಲ್ಲಿ ಭಾರವಿಲ್ಲವಂತೆ; ಎಳೆದರೆ ಹಗ್ಗ ಸುಮ್ಮನೆ ಬರುತ್ತದೆ, ತುದಿಯಲ್ಲಿರುವವನು ಇದ್ದಾನೋ ಹೋದನೋ ಕೈಗೆ ತಿಳಿಯುವುದಿಲ್ಲ. ನಾನು ಹಿಡಿದ ಹಗ್ಗಕ್ಕೆ ಭಾರವಿತ್ತು.

ಅಂಗಡಿ ಹಾಕಿದ ಹೊಸತರಲ್ಲಿ ನಾರಾಯಣಣ್ಣ ಎಂಬವರು ನನ್ನ ಜೊತೆಗಿದ್ದರು. ಸಪೂರ ಆಳು. ಬಾವಿಯಲ್ಲಿ ಕೂರಿಸಿದ ಪಂಪು ಕೆಟ್ಟರೆ ಅವರು ಇಳಿಯುವುದು, ನಾನು ಮೇಲೆ ಹಗ್ಗ ಹಿಡಿಯುವುದು. ಒಂದು ಬೇಸಿಗೆಯಲ್ಲಿ ಹಾಗೇ ಇಳಿದರು. ಗಾಳಿ ಸರಿಯಿದೆಯೋ ಎಂದು ಮೊದಲು ದೀಪ ಇಳಿಸಿ ನೋಡುವುದು ಕ್ರಮ, ಅದನ್ನೂ ಮಾಡಿದ್ದೆವು. ದೀಪ ಆರಲಿಲ್ಲ. ಮನುಷ್ಯ ಆರಿದ. ನಾನೊಬ್ಬನೇ ಎಳೆಯುತ್ತಿದ್ದಾಗ ಕೆಳಗಿನಿಂದ ಕೆಮ್ಮು ಕೇಳುತ್ತಿತ್ತು, ಬಹಳ ಹೊತ್ತು ಕೇಳುತ್ತಿತ್ತು. ಅವರ ಹೆಂಡತಿ ಗುಲಾಬಕ್ಕನಿಗೆ ಮಾತ್ರ "ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಯಿತು, ಅವರಿಗೆ ಗೊತ್ತೇ ಆಗಲಿಲ್ಲ" ಎಂದು ಹೇಳಿದ್ದೆ. ಬೇರೆ ಏನು ಹೇಳುವುದು? ಕೆಮ್ಮಿನ ವಿಷಯ ಅದುವರೆಗೆ ನಾನು ಯಾರಿಗೂ ಹೇಳಿದವನಲ್ಲ, ನನ್ನ ಹೆಂಡತಿಗೂ ಇಲ್ಲ.

ಇದನ್ನೆಲ್ಲ ಆ 'ಏಕೆ'ಗೆ ಉತ್ತರವಾಗಿ ಹೇಳಿದೆ. ಆದರೆ ಇಂಥದನ್ನು ನೇರ ಹೇಳಲು ಬಾಯಿ ಬರುತ್ತದೆಯೇ? ಮೊದಲು ಗಂಟಲು ಸರಿ ಮಾಡಿಕೊಳ್ಳಲು ಸಿನಿಮಾವನ್ನೇ ನಾಲ್ಕು ಮಾತು ಬೈದೆ. "ಅಲ್ಲ ಮರಾಯ್ರೆ, ಅಷ್ಟ್ ಕೋಟಿ ಖರ್ಚ್ ಮಾಡ್ಕಂಡ್ ಆಕಾಶಕ್ಕ್ ಹೋತ್ರ್, ಒಂದ್ ಸ್ಪೇರ್ ಮೋಟಾರ್ ಹಿಡ್ಕಂಡ್ ಹೋಪುಕೆ ಎಂತ? ನಮ್ ಬದಿ ಬಾಳಿಗಿಡ ನೆಟ್ಟರ್ ಸೈತ ಎರ್ಡ್ ಪಂಪ್ ಇಟ್ಕಂತ್ರ್! ಇವ ಸ್ವಾಂಟಕ್ಕ್ ಹಗ್ಗ ಕಟ್ಕಂಡ್ ಹೆರಟ ಕಾಣಿ, ತೆಂಗಿನ್ ಮರ ಹತ್ತುಕೆ ಹೊರಟರಾಂಗೆ..." ಹೀಗೆ. ಆಮೇಲೆ ನಿಧಾನಕ್ಕೆ ಬಾವಿಗೆ ಇಳಿದೆ. ಹೇಳಿ ಮುಗಿಸಿದೆ. ಕಳುಹಿಸಿಬಿಟ್ಟೆ.

ಸಂತೋಷ ಮೊದಲಿನ ಭಾಗವನ್ನು ಮಾತ್ರ ಕತ್ತರಿಸಿ, ಬಾಹ್ಯಾಕಾಶದ ಉಡುಪಿನ ಮೇಲೆ ಲುಂಗಿ ಕಟ್ಟಿದ ಮನುಷ್ಯನ ಚಿತ್ರ ಅಂಟಿಸಿ ಸ್ಟೇಟಸ್ಸಿಗೆ ಹಾಕಿದ. ಅಲ್ಲಿಂದ ಅದು ನನ್ನ ಕೈ ತಪ್ಪಿತು. ಬೈಂದೂರಿನ ಯಾರದೋ ಮದುವೆಯಲ್ಲಿ ಊಟದ ಪಂಕ್ತಿ ಏಳುವ ಮೊದಲು ಮೈಕಿನಲ್ಲಿ ಹಾಕಿದರಂತೆ. ತಂತಿ ತರಲು ಹೋದ ನಾನು ಸಾಸ್ತಾನದಲ್ಲಿ ಟೋಲಿನ ಹತ್ತಿರದ ಅಂಗಡಿಯಲ್ಲಿ "ಒಂದ್ ಚಾ, ಸಕ್ರಿ ಕಮ್ಮಿ" ಎಂದದ್ದಷ್ಟೇ, ಪಕ್ಕದಲ್ಲಿದ್ದ ಗುರುತಿಲ್ಲದವನೊಬ್ಬ ಹಾರಿ ನಿಂತು, "ಹ್ವಾಯ್! ಸ್ಪೇರ್ ಮೋಟಾರ್ ಅಲ್ದಾ ನೀವ್? ಸ್ವರದಗೇ ಗೊತ್ತಾಯ್ತ್ ಕಾಣಿ!" ಎಂದ. ಅಂಗಡಿಯವನು ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ಮುಂಬೈಯಿಂದ ಭಾವ ಫೋನು ಮಾಡಿ ಮಾತಾಡಲಾರದಷ್ಟು ನಕ್ಕ. ಹೆಂಡತಿಗೆ ನನ್ನ ಮೇಲೆ ಎಂದೂ ಇಲ್ಲದ ಗೌರವ ಬಂತು. "ನಿಮ್ಗ್ ಇಷ್ಟ್ ತಮಾಷಿ ಮಾಡುಕ್ ಬತ್ತ್ ಅಂತ್ ನಂಗ್ ಗೊತ್ತೇ ಇರ್ಲಿಲ್ಲ. ಮನಿಯಗೆ ಮಾತ್ರ ಎಂತಕೆ ಮುಖ ಗಂಟ್ ಹಾಕ್ಕಂಡ್ ಇಪ್ಪುದ್?" ಎಂದಳು.

ನಾನು ಸಂತೋಷನ ಅಂಗಡಿಗೆ ಹೋದೆ. "ಹಾಕುದಾರೆ ಪೂರ್ತಿ ಹಾಕ್, ಇಲ್ದಿರೆ ತೆಗಿ," ಎಂದೆ. ಅವನು ಯಾರದೋ ಮೊಬೈಲಿಗೆ ಗಾಜು ಅಂಟಿಸುತ್ತಲೇ, "ಪೂರ್ತಿ ಯಾರ್ ಕೇಂತ್ರ್ ಅಣ್ಣಾ? ಅಷ್ಟ್ ಉದ್ದ ಇತ್ತ್. ಕಡಿ ಕಡಿಗೆ ಸ್ವಲ್ಪ ಬೋರ್ ಬೇರೆ," ಎಂದ.

"ಕಡಿಗೆ ಎಂತ ಹೇಳಿದ್ದೆ, ಹೇಳ್ ಕಾಂಬ?"

ಅವನು ಗಾಜನ್ನು ಉಜ್ಜಿದ, ಬೆಳಕಿಗೆ ಹಿಡಿದು ನೋಡಿದ. "ಎಂತದೋ ಬಾಮಿ ಕಥಿ ಅಲ್ದಾ ಅಣ್ಣಾ? ನೀವ್ ಒಂದ್ ಕೆಲ್ಸ ಮಾಡಿ. ವಾರಕ್ಕೊಂದ್ ಪಿಚ್ಚರ್ ಬಗ್ಗೆ ಹೀಂಗೆ ಬೈದ್ ಹಾಕಿ. ನಾ ಎಡಿಟ್ ಮಾಡ್ತೆ. ಎಲ್ಲಿಗೋ ಹೋತ್ರ್ ನೀವ್." ಬಳಗದಲ್ಲಿ ಇರುವ ಅಷ್ಟೂ ಜನರಲ್ಲಿ ಯಾರೂ ಬಾವಿಯವರೆಗೆ ನನ್ನ ಜೊತೆ ಬಂದಿರಲಿಲ್ಲ. ಮೌನವನ್ನೇ ಪಾತ್ರವೆಂದು ಗುರುತಿಸುವ ಜನ, ಮಾತಾಡುತ್ತಿದ್ದ ಮನುಷ್ಯನನ್ನು ಅರ್ಧಕ್ಕೆ ಬಿಟ್ಟು ನಕ್ಕು ಎದ್ದು ಹೋಗಿದ್ದರು. ಪೂರ್ತಿ ಕೇಳಬೇಕೆಂದು ಕೇಳುವ ಒಬ್ಬನಾದರೂ ಸಿಗಲಿ, ಅವನಿಗೆ ಕೂರಿಸಿ ಕೇಳಿಸುತ್ತೇನೆ ಎಂದು ಹಟ ಹಿಡಿದು, ಆ ವಾಯ್ಸನ್ನು ಮೊಬೈಲಿನಲ್ಲಿ ಜೋಪಾನವಾಗಿ ಇಟ್ಟುಕೊಂಡೆ.

ಸಿಕ್ಕಿದರು. ಗುಲಾಬಕ್ಕ.

ಗಂಡ ಹೋದ ಮೇಲೆ ಬಸ್ಸು ನಿಲ್ಲುವಲ್ಲಿ ಊಟದ ಮನೆ ನಡೆಸಿ ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅಂದು ಗ್ರೈಂಡರಿನ ಮೋಟಾರನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದವರು ದೂರದಿಂದಲೇ ಶುರು ಮಾಡಿದರು: "ಭಾಸ್ಕರಾ, ನಿನ್ ವಾಯ್ಸ್ ಕೇಂಡೆ ಮರಾಯ! ಊಟಕ್ಕ್ ಬಪ್ಪರೆಲ್ಲ ಹಾಕಿದ್ದೇ ಹಾಕಿದ್ದ್. ನೆಗಾಡಿ ನೆಗಾಡಿ ಸಾರಿಗ್ ಎರ್ಡ್ ಸಲ ಉಪ್ಪ್ ಹಾಯ್ಕಂಡೆ." ನಾನು ಸ್ಟೂಲು ಎಳೆದು ಕೊಟ್ಟೆ. ಅವರು ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡು, "ಅದ್ ಅರ್ಧವೇ ಅಂಬ್ರಲ್ದಾ? ಪೂರ್ತಿ ನಿನ್ ಹತ್ರ ಇತ್ತಂಬ್ರ್. ಹಾಕ್ ಕಾಂಬ. ಇವತ್ ನಂಗ್ ಪುರ್ಸೊತ್ತಿತ್ತ್," ಎಂದರು.

ಮೊಬೈಲು ಮೇಜಿನ ಮೇಲೇ ಇತ್ತು. ಕೈಗೆ ಎತ್ತಿಕೊಂಡೆ. ಎತ್ತಿಕೊಂಡು, ಅವರ ಎದುರಿಗೇ ಆ ವಾಯ್ಸನ್ನು ಅಳಿಸಿದೆ. "ಅಳ್ಸಿ ಹೋಯಿತ್ ಗುಲಾಬಕ್ಕ," ಎಂದೆ. ಹೇಳಿದ್ದು ಸುಳ್ಳಾಗಲಿಲ್ಲ.

"ಥೋ, ನಿನ್ ಕರ್ಮ! ಹೋಯ್ಲಿ, ಬಾಯಂಗೆ ಹೇಳ್. ಆ ಹಗ್ಗ ಕಟ್ಕಂಡ್ ಹ್ವಾದನಲೆ, ಅವ ಕಡಿಗೆ ಎಂತ ಆದ?"

"ಬಂದ."

"ಬದ್ಕಿ ಬಂದನಾ?"

"ಬಂದ. ಅವ್ನಿಗ್ ಎಂತ ಆಯ್ಲಿಲ್ಲ. ಮನಿಗ್ ಬಂದ್ ಉಂಡ್ ಮನೀಕಂಡ."

ಗುಲಾಬಕ್ಕ ಗ್ರೈಂಡರಿನ ಮೋಟಾರಿನ ಮೇಲಿದ್ದ ಹಿಟ್ಟಿನ ಕಲೆಯನ್ನು ಉಗುರಿನಿಂದ ಕೆರೆದರು. "ಹಾಂಗಾರೆ ಒಳ್ಳೇ ಪಿಚ್ಚರ್," ಎಂದರು. "ಹೆದ್ರಸು ಪಿಚ್ಚರೆಲ್ಲ ನಂಗಾತಿಲ್ಲ. ಇದ್ ಅಡ್ಡಿಲ್ಲ. ಬಪ್ಪು ಆಯ್ತಾರ ನಿನ್ ಮನಿಗ್ ಬತ್ತೆ. ದೊಡ್ಡ ಟಿ.ವಿ.ಯಂಗೆ ಹಾಕ್, ಕಾಂಬ."

ಸಿನಿಮಾದ ಕೊನೆಯನ್ನು ಬದಲಾಯಿಸುವ ವೈಂಡಿಂಗ್ ನನಗೆ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ಹೆಂಡತಿ ದೇವರ ಕೋಣೆಯಲ್ಲಿದ್ದಾಗ ಟಿ.ವಿ.ಯ ಬೆನ್ನು ಬಿಚ್ಚಿ ಒಳಗಿನ ಒಂದು ತಂತಿ ಕಿತ್ತಿಟ್ಟೆ. ಗುಲಾಬಕ್ಕ ಹಲಸಿನ ಹಪ್ಪಳ ಹಿಡಿದುಕೊಂಡು ಬಂದರು, ಕಪ್ಪು ಟಿ.ವಿ.ಯನ್ನು ನೋಡಿದರು, ನನ್ನನ್ನು ನೋಡಿದರು. "ನೀನ್ ಇಪ್ಪು ಮನಿಯಗೆ ಟಿ.ವಿ. ಹಾಳಾತ್ತಾ? ಸರಿ ಮಾಡ್ ಮರಾಯ." ಮಾಡಿದೆ, ಅಂದರೆ ಮಾಡುವ ಹಾಗೆ ಮಾಡಿದೆ. ಸ್ಕ್ರೂ ಬಿಚ್ಚಿ, ಊದಿ, ಸ್ಕ್ರೂ ಹಾಕಿ, ತಲೆ ಕೆರೆದುಕೊಂಡೆ. ಮುಂದಿನ ವಾರವೂ ಬಂದರು. ಅದರ ಮುಂದಿನ ವಾರವೂ ತಲೆ ಕೆರೆದುಕೊಂಡೆ. ಮೊಬೈಲಿನಲ್ಲಿ ಕಾಂಬ ಎಂದಾಗ, ಅದರಲ್ಲಿ ಮುಖ ಕಾಣುವುದಿಲ್ಲ, ನಿಮ್ಮ ಕಣ್ಣಿಗೆ ದಣಿವು ಎಂದು ತಪ್ಪಿಸಿದೆ.

ಅವರ ಊಟದ ಮನೆಯಲ್ಲಿ ಉಣ್ಣುವವರಿಗೆ ಪಲ್ಯದ ಜೊತೆ ಸುದ್ದಿಯನ್ನೂ ಬಡಿಸುವುದು ರೂಢಿ. "ಪಾಪ, ಭಾಸ್ಕರನಿಗ್ ಮೊದ್ಲಿನ್ ಕೈ ಇಲ್ಲ. ಸ್ವಂತ ಮನಿ ಟಿ.ವಿ.ಯೇ ಸರಿ ಮಾಡುಕ್ ಆತಿಲ್ಲ ಅಂಬ್ರ್," ಎಂಬುದು ಈಗಿನ ಸುದ್ದಿ. ಪ್ರೀತಿಯಿಂದಲೇ ಹೇಳುತ್ತಾರೆ, ಅದಕ್ಕೇ ಜನ ನಂಬುತ್ತಾರೆ. ಮೊನ್ನೆ ಪಂಪು ತಂದ ಹಳೇ ಗಿರಾಕಿಯೊಬ್ಬ ಹೊರಡುವಾಗ ತಿರುಗಿ ನಿಂತು, "ಸರಿ ಆತ್ತಲ್ದಾ?" ಎಂದು ಕೇಳಿದ. ಈ ಅಂಗಡಿಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಆಗುತ್ತದೆ ಎಂದೆ. ನನಗೇ ಸ್ವಲ್ಪ ಅನುಮಾನ ಬಂದ ಹಾಗಾಯಿತು.

ಇತ್ತ ಧಾರಾವಾಹಿಗಳಿಲ್ಲದೆ ಸೊರಗಿದ ಹೆಂಡತಿ ನನ್ನ ಮೇಲಿನ ನಂಬಿಕೆ ಬಿಟ್ಟು ಕುಂದಾಪುರದಿಂದ ಟಿ.ವಿ. ರಿಪೇರಿಯವನನ್ನು ಕರೆಸಿದ್ದಾಳೆ. ನಾಳೆ ಬರುತ್ತಾನಂತೆ. ಡಿಪ್ಲೊಮಾ ಓದಿದವನಂತೆ. ಬೆನ್ನು ಬಿಚ್ಚಿದ ಕೂಡಲೇ ಕಿತ್ತ ತಂತಿ ಅವನಿಗೆ ಕಾಣುತ್ತದೆ. ಕಂಡವನು ಏನು ಹೇಳುತ್ತಾನೆಂದೂ ನನಗೆ ಗೊತ್ತು, ಏಕೆಂದರೆ ಬೇರೆಯವರು ಕೈ ಹಾಕಿ ಕೆಡಿಸಿದ ಮೋಟಾರುಗಳನ್ನು ಬಿಚ್ಚುವಾಗ ನಾನೂ ಅದನ್ನೇ ಹೇಳುತ್ತೇನೆ: "ಇದಕ್ಕೆ ಮೊದ್ಲ್ ಕೈ ಹಾಕಿದವ್ನಿಗೆ ಕೆಲ್ಸ ಗೊತ್ತಿಲ್ಲ." ಆಗ ನಾನು ಅವನ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತು, ಹೆಂಡತಿಗೆ ಕೇಳುವಷ್ಟು ಗಟ್ಟಿಯಾಗಿ, ಹೌದು ಎನ್ನಬೇಕು.